ಅಶೋಕ ಹಿಂದಕ್ಕೆ ಬೆಳೆದನೇ? ಕಾಲಯಂತ್ರದ ಕಥೆಗಳೂ ನಮ್ಮ ಪಾಠಯೋಜನೆಯೂ

ಕಾಲಯಂತ್ರದ ಕಥೆಗಳನ್ನು ತರಗತಿಯ ಹೊಸ್ತಿಲಾಚೆಯೇ ನಿಲ್ಲಿಸಬೇಕು ಎಂಬ ಅಭಿಪ್ರಾಯ ನಮ್ಮ ಉಪನ್ಯಾಸಕ ವಲಯದಲ್ಲಿ ಬಲವಾಗಿದೆ. ಮಕ್ಕಳು ಮೊದಲೇ ಟಿ.ವಿ. ಮುಂದೆ ಕೂತು ಕೆಟ್ಟಿದ್ದಾರೆ; ನಿನ್ನೆ, ಇಂದು, ನಾಳೆಗಳನ್ನು ಕಲಸಿ ಉಂಡೆ ಮಾಡುವ ಧಾರಾವಾಹಿಗಳನ್ನು ಪಾಠಕ್ಕೂ ತಂದರೆ ಇರುವ ಅಷ್ಟಿಷ್ಟು ಕಾಲಪ್ರಜ್ಞೆಯೂ ಹೋದೀತು ಎಂಬುದು ಅವರ ಆತಂಕ. ಇಲವಾಲದ ಸುತ್ತಿನ ಶಾಲೆಗಳಲ್ಲಿ ಕೆಲವು ವರ್ಷಗಳಿಂದ ಅಭ್ಯಾಸ ಬೋಧನೆ ವೀಕ್ಷಿಸುತ್ತಿರುವ ನನಗೆ ಇದರ ವಿರುದ್ಧವೇ ಸರಿ ಎನಿಸಿದೆ. ಗೊಂದಲದ ಕಾಲಾನುಕ್ರಮವುಳ್ಳ ಕಥೆಗಳು ಮಕ್ಕಳ ಕಾಲಪ್ರಜ್ಞೆಯನ್ನು ಕೆಡಿಸುವುದಿಲ್ಲ. ಅದು ಎಲ್ಲಿ ಸಡಿಲವಾಗಿದೆ ಎಂಬುದನ್ನು ತೋರಿಸಿಕೊಡುತ್ತವೆ, ಬಿಗಿಮಾಡಲು ಒಂದು ಹಿಡಿಯನ್ನೂ ಕೊಡುತ್ತವೆ.

ಒಂದು ಉದಾಹರಣೆ. ಎಂಟನೆಯ ತರಗತಿ, ಸಮಾಜ ವಿಜ್ಞಾನ, ಮೌರ್ಯರು. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಅಶೋಕನ ಆಳ್ವಿಕೆಯನ್ನು ‘ಕ್ರಿ.ಪೂ. 268 – 232’ ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಮಿಸ್, ಅಶೋಕ ಹಿಂದಕ್ಕೆ ಬೆಳೆದನಾ? ಡೋರೆಮಾನ್ ಮೆಷಿನ್ನಲ್ಲಿ ಹೋದನಾ?’ ಎಂದ. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, ‘ಕ್ರಿಸ್ತಪೂರ್ವದಲ್ಲಿ ಹಾಗೇ ಎಣಿಸೋದು’ ಎಂದು ಮುಂದುವರಿದರು. ವೀಕ್ಷಣಾ ನಮೂನೆಯಲ್ಲಿ ಸಹವೀಕ್ಷಕರು ಒಂದೇ ಪದ ಬರೆದರು: ‘ವಿಷಯಾಂತರ’. ‘ವಿದ್ಯಾರ್ಥಿ ಸಹಭಾಗಿತ್ವ’ದ ಅಂಕಣದಲ್ಲಿ ಎರಡು ಅಂಕ ಹೋಯಿತು.

ಆ ಹುಡುಗ ಕೇಳಿದ್ದು ಆ ಅವಧಿಯ ಅತ್ಯಂತ ವಿಷಯನಿಷ್ಠ ಪ್ರಶ್ನೆ ಎಂದು ನಾನು ಇಂದಿಗೂ ವಾದಿಸುತ್ತೇನೆ. ಸಂಖ್ಯೆ ಇಳಿಯುತ್ತಿದೆ, ಮನುಷ್ಯನಿಗೆ ಮಾತ್ರ ವಯಸ್ಸಾಗುತ್ತಿದೆ. ಇವೆರಡೂ ಹೇಗೆ ಜೊತೆಗೆ ನಡೆಯುತ್ತವೆ ಎಂಬುದೇ ಅವನ ತೊಡಕು. ಕ್ರಿ.ಪೂ. 1ರ ನಂತರ ಸೊನ್ನೆ ವರ್ಷವೇ ಇಲ್ಲದೆ ನೇರವಾಗಿ ಕ್ರಿ.ಶ. 1 ಬರುತ್ತದೆ ಎಂಬುದನ್ನು ಬಿ.ಎಡ್. ತರಗತಿಯಲ್ಲೇ ಎಷ್ಟು ಜನ ಸಲೀಸಾಗಿ ವಿವರಿಸಬಲ್ಲರು, ಕೇಳಿ ನೋಡಿ. ಹುಡುಗನ ಬಳಿ ಈ ತೊಡಕಿಗೆ ಇದ್ದ ಒಂದೇ ಪೂರ್ವಜ್ಞಾನವೆಂದರೆ ಡೋರೆಮಾನ್. ಪೂರ್ವಜ್ಞಾನದಿಂದ ಪೀಠಿಕೆ ಹಾಕಿ ಎಂದು ನಾವೇ ವರ್ಷವಿಡೀ ಹೇಳುತ್ತೇವೆ. ಅದು ಎದ್ದು ನಿಂತು ಮಾತಾಡಿದಾಗ ಅಂಕ ಕಳೆಯುತ್ತೇವೆ.

ಡೋರೆಮಾನ್ ಕಥೆಯ ಬುಡವನ್ನು ನೋಡಿದರೆ ಅದೇನೂ ಬರೀ ನೀಲಿ ಬೆಕ್ಕಿನ ಆಟವಲ್ಲ. ಜಪಾನಿನ ಫುಜಿಕೊ ಎಫ್. ಫುಜಿಯೊ ಬರೆದ ಈ ಚಿತ್ರಕಥೆ ಆರಂಭವಾಗುವುದೇ ಒಂದು ಕಾಲವಿರೋಧಾಭಾಸದಿಂದ. ಮುಂದಿನ ಶತಮಾನದಿಂದ ನೊಬಿತಾನ ಮೊಮ್ಮಗನ ಮೊಮ್ಮಗ ಸೇವಾಶಿ ಬರುತ್ತಾನೆ. ನೊಬಿತಾ ಮುಂದೆ ಜಾಯಿಕೋಳನ್ನು ಮದುವೆಯಾಗಿ, ವ್ಯಾಪಾರದಲ್ಲಿ ಸೋತು, ತಲೆಮಾರುಗಳಿಗೆ ಸಾಲ ಬಿಟ್ಟುಹೋಗಿದ್ದಾನೆ. ಅದನ್ನು ತಿದ್ದಲು ಡೋರೆಮಾನ್ ಬಂದಿದ್ದಾನೆ. ತಿದ್ದಿದರೆ ಅವನು ಶಿಜುಕಾಳನ್ನು ಮದುವೆಯಾಗುತ್ತಾನೆ. ಹಾಗಾದರೆ ಸೇವಾಶಿ ಹುಟ್ಟುವುದೇ ಇಲ್ಲವಲ್ಲ? ಈ ಪ್ರಶ್ನೆಯನ್ನು ದಡ್ಡನೆಂದು ಹೆಸರಾದ ನೊಬಿತಾನೇ ಕೇಳುತ್ತಾನೆ. ಒಸಾಕಾಗೆ ರೈಲಿನಲ್ಲಿ ಹೋದರೂ ವಿಮಾನದಲ್ಲಿ ಹೋದರೂ ತಲುಪುವುದು ಒಸಾಕಾಗೇ ಎಂದು ಸೇವಾಶಿಯ ಉತ್ತರ. ನಮ್ಮ ಮಕ್ಕಳಿಗೆ ಇದನ್ನು ಹೇಳುವುದಾದರೆ, ಇಲವಾಲದಿಂದ ಹಿನಕಲ್ ಮೇಲೆ ಹೋದರೂ ಕೆ.ಆರ್.ಎಸ್. ರಸ್ತೆ ಹಿಡಿದು ಸುತ್ತಿಹೋದರೂ ಮೈಸೂರೇ ಸಿಗುತ್ತದೆ ಎಂದ ಹಾಗೆ. ಈ ಉತ್ತರ ಸರಿಯೇ? ನನಗಂತೂ ಸರಿ ಎನಿಸುವುದಿಲ್ಲ. ಅಜ್ಜಿ ಬದಲಾದರೆ ಮೊಮ್ಮಗ ಅವನೇ ಆಗಿ ಉಳಿಯುವುದು ಹೇಗೆ? ಎಂಟನೆಯ ತರಗತಿಯಲ್ಲಿ ಅನುವಂಶೀಯತೆಯ ಅ ಆ ಇ ಈ ತಿಳಿದ ಮಕ್ಕಳು ಇದನ್ನು ಹಿಡಿದು ಜಗ್ಗಬಲ್ಲರು.

ಇಂಥ ಕಥೆಗಳು ಗೊಂದಲ ಹುಟ್ಟಿಸುವುದೇಕೆ? ಇಲ್ಲಿ ಎರಡು ಗಡಿಯಾರಗಳು ಬೇರೆಬೇರೆ ನಡೆಯುತ್ತಿರುತ್ತವೆ. ಒಂದು ಲೋಕದ ಕಾಲ, ಅಂದರೆ ಪಂಚಾಂಗ ಹೇಳುವುದು. ಇನ್ನೊಂದು ಪಾತ್ರದ ಕಾಲ, ಅಂದರೆ ಆ ವ್ಯಕ್ತಿಯ ವಯಸ್ಸು. ಮಾಮೂಲಿ ಕಥೆಯಲ್ಲಿ ಎರಡೂ ಕೈಕೈ ಹಿಡಿದು ನಡೆಯುವುದರಿಂದ ನಮಗೆ ಎರಡಿವೆ ಎಂಬುದೇ ಹೊಳೆಯುವುದಿಲ್ಲ. ಒಂಬತ್ತನೆಯ ತರಗತಿಯ ನಿರ್ದೇಶಾಂಕ ಪಾಠ ಬಂದಾಗ ಇದನ್ನೊಮ್ಮೆ ಬರೆಸಿ ನೋಡಿ. ಅಡ್ಡ ಅಕ್ಷದಲ್ಲಿ ಇಸವಿ, ಲಂಬ ಅಕ್ಷದಲ್ಲಿ ವಯಸ್ಸು. ನಿಮ್ಮ ನನ್ನ ಬದುಕು ಓರೆಯಾಗಿ ಮೇಲೇರುವ ಒಂದು ಸರಳರೇಖೆ. ನೊಬಿತಾ ಮೇಜಿನ ಖಾನೆಯೊಳಗಿನ ಕಾಲಯಂತ್ರ ಹತ್ತಿದ ಕೂಡಲೇ ರೇಖೆ ಮಲಗಿಬಿಡುತ್ತದೆ: ಇಸವಿ ಬದಲಾಯಿತು, ವಯಸ್ಸು ಅಲ್ಲೇ ಇದೆ. ಅಶೋಕನದೂ ಬರೆಸಿ. ಎಡದಿಂದ ಬಲಕ್ಕೆ ಹೋದಂತೆ ಕ್ರಿ.ಪೂ.ದ ಅಂಕಿ ಇಳಿಯುತ್ತದೆ, ಆದರೆ ಅಶೋಕನ ರೇಖೆ ಎಲ್ಲರ ರೇಖೆಯಂತೆ ಮೇಲಕ್ಕೇ ಏರುತ್ತದೆ. ಹಿಂದಕ್ಕೆ ನಡೆದದ್ದು ಅಂಕಿ, ಅಶೋಕನಲ್ಲ. ಆ ಹುಡುಗನ ಪ್ರಶ್ನೆಗೆ ಉತ್ತರ ಕಪ್ಪುಹಲಗೆಯ ಮೇಲೆ ಮೂರು ನಿಮಿಷದ ಕೆಲಸ.

ಜರ್ಮನಿಯ ‘ಡಾರ್ಕ್’ ಸರಣಿಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ನೋಡಿದ್ದಾರೆ. 2017ರಿಂದ 2020ರವರೆಗೆ ಮೂರು ಕಂತುಗಳ ಗುಚ್ಛವಾಗಿ ಬಂತು. 1953, 1986, 2019 ಎಂದು 33 ವರ್ಷಗಳ ಅಂತರದಲ್ಲಿ ಒಂದೇ ಊರಿನ ನಾಲ್ಕು ಕುಟುಂಬಗಳು ಸಿಕ್ಕಿಹಾಕಿಕೊಳ್ಳುವ ಕಥೆ. 2019ರ ಬಾಲಕ ಮಿಕೆಲ್ 1986ಕ್ಕೆ ಹೋಗಿ, ಅಲ್ಲೇ ಬೆಳೆದು, ಮದುವೆಯಾಗಿ, ಮತ್ತೆ ಅದೇ 2019ನ್ನು ದೊಡ್ಡವನಾಗಿ ತಲುಪುತ್ತಾನೆ. ನಕ್ಷೆಯಲ್ಲಿ ಆ ವರ್ಷದ ಆರಂಭದ ಮೇಲೆ ನೆಟ್ಟಗೆ ಗೆರೆ ಎಳೆದರೆ ಅವನು ಎರಡು ಕಡೆ ಸಿಗುತ್ತಾನೆ. ನೋಡಿದವರೆಲ್ಲ ‘ತಲೆ ಕೆಟ್ಟಿತು’ ಎನ್ನುತ್ತಾರೆ, ಆದರೂ ಬಿಡದೆ ನೋಡಿ ಮುಗಿಸಿದ್ದಾರೆ. ಈ ಸರಣಿ ಪ್ರೌಢಶಾಲೆಗೆ ಖಂಡಿತ ಬೇಡ, ಅದರ ವಸ್ತು ವಯಸ್ಕರದು. ಆದರೆ ಇಷ್ಟು ಗೋಜಲನ್ನು ಸ್ವಂತ ಆಸಕ್ತಿಯಿಂದ ಬಿಡಿಸಿದ ಅದೇ ಪ್ರಶಿಕ್ಷಣಾರ್ಥಿ, ಕಾಲರೇಖೆ ಬರೆಯಿರಿ ಎಂದರೆ ಸಮ ಅಂತರದಲ್ಲಿ ಐದು ಚುಕ್ಕಿ ಇಟ್ಟು ನಡುವೆ ನೂರು ವರ್ಷವೂ ಒಂದೇ, ಹತ್ತು ವರ್ಷವೂ ಒಂದೇ ಎಂಬಂತೆ ಬರೆದುಕೊಂಡು ಬರುವುದು ಯಾಕೆ ಎಂಬುದು ನನ್ನನ್ನು ಕಾಡುತ್ತದೆ. ಬಲ್ಲದ್ದನ್ನು ತರಗತಿಗೆ ತರಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ.

ಇದೆಲ್ಲ ಪರದೇಶದ ಸರಕು, ಕನ್ನಡದ ಮಕ್ಕಳಿಗೆ ಏಕೆ ಎನ್ನುವವರೂ ಇದ್ದಾರೆ. ಅವರು ಜನ್ನನನ್ನು ಮರೆತಿದ್ದಾರೆ. 1209ರ ‘ಯಶೋಧರ ಚರಿತೆ’ಯ ಕಥೆಯನ್ನು ಇಸವಿಯ ಕ್ರಮದಲ್ಲಿ ಜೋಡಿಸಲು ಹೋಗಿ. ಕಾವ್ಯದಲ್ಲಿ ಮೊದಲು ಕಾಣುವುದು ಮಾರಿದತ್ತನೆಂಬ ರಾಜನ ಮುಂದೆ ಬಲಿಗಾಗಿ ತಂದು ನಿಲ್ಲಿಸಿದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ. ಅಭಯರುಚಿ ತನ್ನ ಕಥೆ ಹೇಳತೊಡಗುತ್ತಾನೆ, ಆದರೆ ಅದು ಅವನ ಹುಟ್ಟಿನಿಂದ ಆರಂಭವಾಗುವುದಿಲ್ಲ. ಹಿಂದೊಮ್ಮೆ ತಾನು ಯಶೋಧರನೆಂಬ ರಾಜನಾಗಿದ್ದೆ, ಈ ತಂಗಿ ಆಗ ತನ್ನ ತಾಯಿ ಚಂದ್ರಮತಿ. ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದ ಫಲವಾಗಿ ಇಬ್ಬರೂ ನವಿಲು ನಾಯಿಗಳಾಗಿ, ಮತ್ತೆ ಮತ್ತೆ ಪ್ರಾಣಿಜನ್ಮಗಳಲ್ಲಿ ತೊಳಲಿ, ಕೊನೆಗೆ ಯಶೋಧರನ ಮಗ ಯಶೋಮತಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಅಂದರೆ ಯಶೋಧರ ತನಗೆ ತಾನೇ ಮೊಮ್ಮಗ, ತಾಯಿಯಾಗಿದ್ದವಳು ಅವಳಿ ತಂಗಿ. ‘ಡಾರ್ಕ್’ನಲ್ಲಿ ತಾಯಿ ಮಗಳು ಪರಸ್ಪರ ಒಬ್ಬರಿಗೊಬ್ಬರು ತಾಯಿಯಾಗುವ ವಂಶವೃಕ್ಷ ನೋಡಿ ಬೆರಗಾದವರು ಇದರ ವಂಶವೃಕ್ಷವನ್ನೂ ಒಮ್ಮೆ ಬರೆಯಲಿ. ಕರ್ನಾಟಕದಲ್ಲಿ ಎಂಟು ಶತಮಾನಗಳಿಂದ ಇದನ್ನು ಓದಿಕೊಂಡು ಬಂದಿದ್ದಾರೆ, ಯಾರ ಕಾಲಪ್ರಜ್ಞೆಯೂ ಕೆಟ್ಟ ವರದಿಯಿಲ್ಲ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ದಲ್ಲಿ ನಾಟಕವಾಗಿಸಿದಾಗ ಜನ್ಮಗಳ ಸರಪಣಿಯನ್ನೇ ಕಳಚಿ, ಒಂದೇ ರಾತ್ರಿಯ ಬಿಕ್ಕಟ್ಟಿಗೆ ಇಳಿಸಿದರು. ಅದೂ ಕಾಲವನ್ನು ಆಳುವ ಒಂದು ಬಗೆಯೇ.

ಜನ್ನನ ಕೇಳುಗ ದಾರಿ ತಪ್ಪದಿರುವುದಕ್ಕೆ ಕಾರಣವಿದೆ. ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆ ಎಂಬುದು ಒಂದು ಕ್ಷಣವೂ ಮರೆಯಾಗುವುದಿಲ್ಲ. ಕತ್ತಿ ಮಾರಿದತ್ತನ ಕೈಯಲ್ಲಿದೆ, ಎಷ್ಟು ಜನ್ಮ ಹಿಂದಕ್ಕೆ ಹೋದರೂ ನಾವು ಮರಳುವುದು ಆ ಕತ್ತಿಗೆ. ಬ್ರಿಟನ್ನಿನಲ್ಲಿ 1963ರಿಂದ ಬರುತ್ತಿರುವ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲೂ ಇಂಥದ್ದೇ ಒಂದು ಹಿಡಿ ಇದೆ. ರಿವರ್ ಸಾಂಗ್ ಎಂಬಾಕೆ ಮತ್ತು ಡಾಕ್ಟರ್ ಭೇಟಿಯಾಗುವ ಕ್ರಮ ಇಬ್ಬರಿಗೂ ಬೇರೆ. ಅವನಿಗೆ ಮೊದಲ ಭೇಟಿಯಾದದ್ದು ಅವಳ ಸಾವಿನ ದಿನ. ಅವಳ ಬಳಿ ಒಂದು ನೀಲಿ ದಿನಚರಿ. ಸಿಕ್ಕಾಗಲೆಲ್ಲ ಮೊದಲು ದಿನಚರಿ ನೋಡಿ ‘ಇದು ಆಗಿದೆಯೇ, ಅದು ಆಗಿದೆಯೇ’ ಎಂದು ಕೇಳಿಕೊಳ್ಳುತ್ತಾರೆ. ಮಕ್ಕಳಿಗೆ ಇಬ್ಬರ ದಿನಚರಿಯನ್ನೂ ಬೇರೆಬೇರೆ ಬರೆಯಲು ಕೊಟ್ಟರೆ ‘ಘಟನೆಯ ಕ್ರಮ’ ಮತ್ತು ‘ನಿರೂಪಣೆಯ ಕ್ರಮ’ ಎಂಬ ಭೇದಕ್ಕೆ ವ್ಯಾಖ್ಯಾನವೇ ಬೇಕಾಗುವುದಿಲ್ಲ.

ದೀರ್ಘ ಕಥಾಸೂತ್ರದ ಬಗ್ಗೆ ಒಂದು ಮಾತು, ಏಕೆಂದರೆ ಅದು ನಮ್ಮ ಘಟಕ ಯೋಜನೆಗೆ ಹತ್ತಿರದ್ದು. ಅಮೆರಿಕದ ‘ಬ್ಯಾಬಿಲಾನ್ 5’ ಅನ್ನು ಅದರ ಕರ್ತೃ ಸ್ಟ್ರಜಿನ್ಸ್ಕಿ ಐದು ವರ್ಷದ ಒಂದೇ ಕಥೆಯಾಗಿ ಯೋಜಿಸಿದ್ದರು. ಮೊದಲ ವರ್ಷ, 1994ರಲ್ಲಿ, ಕಾಲದಲ್ಲಿ ಕಳೆದುಹೋದ ನಿಲ್ದಾಣವೊಂದು ಮರಳಿ ಬರುವ ಕಂತು ಬಂತು; ಅದರ ಗಂಟು ಬಿಡಿಸುವುದು ಮುಂದಕ್ಕೆ ಉಳಿದಿತ್ತು. ಅಷ್ಟರಲ್ಲಿ ಮುಖ್ಯ ಪಾತ್ರದ ನಟ ಸರಣಿ ಬಿಟ್ಟರು. ಹೊಸ ನಾಯಕ ಬಂದ. ಆದರೂ 1996ರಲ್ಲಿ ಎರಡು ಕಂತುಗಳಲ್ಲಿ ಹಳೆಯ ನಟನನ್ನೇ ಕರೆತಂದು ಹಳೆಯ ಗಂಟಿಗೆ ಹೊಸ ದಾರ ಸೇರಿಸಿ ಬಿಗಿದರು. ನಾಲ್ಕು ವಾರಕ್ಕೆ ಶಾಲೆ ಬಿಡುವ ಪ್ರಶಿಕ್ಷಣಾರ್ಥಿಯ ಜಾಗಕ್ಕೆ ಬರುವ ಇನ್ನೊಬ್ಬರು ಹಿಂದಿನವರ ಘಟಕ ಯೋಜನೆ ತೆರೆದು ನೋಡುತ್ತಾರೆಯೇ? ನಾನು ಕಂಡಂತೆ ಇಲ್ಲ. ಮಕ್ಕಳಿಗೆ ಮಾತ್ರ ಅದು ಒಂದೇ ವರ್ಷ, ಒಂದೇ ಕಥೆ.

ಭಾಷಾ ಬೋಧಕರಿಗೂ ಇಲ್ಲಿ ಕೆಲಸವಿದೆ. ಕಾಲಯಂತ್ರದ ಕಥೆ ಬರೆಯಲು ಕೊಟ್ಟಾಗ ಒಬ್ಬ ಹುಡುಗಿ ‘ಅವನು ನಾಳೆ ನಿನ್ನೆಗೆ ಹೋದನು’ ಎಂದು ಬರೆದಳು. ಕೆಂಪು ಶಾಯಿ ಸಿದ್ಧವಾಗಿಯೇ ಇತ್ತು. ಆದರೆ ‘ಹೋಗುವನು’ ಎಂದು ತಿದ್ದಿದರೆ ಸಾಕೇ? ಹೋದಮೇಲೆ ಅಲ್ಲಿ ಮಾಡುವುದನ್ನು ಯಾವ ಕಾಲದಲ್ಲಿ ಹೇಳುವುದು? ಕನ್ನಡದಲ್ಲೇ ಒಂದು ಸೋಜಿಗವಿದೆ: ‘ಮುಂದೆ’ ಎಂದರೆ ಇನ್ನು ಬರಲಿರುವುದು, ‘ಮುಂಚೆ’, ‘ಮುನ್ನ’ ಎಂದರೆ ಆಗಿಹೋದದ್ದು. ಒಂದೇ ‘ಮುನ್’ ಎರಡೂ ಕಡೆ ಕೈಚಾಚಿದೆ. ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕೋಷ್ಟಕ ತುಂಬಿಸುವ ಅವಧಿಗಿಂತ ಈ ಒಂದು ವಾಕ್ಯದ ಮೇಲಿನ ಜಗಳ ಹೆಚ್ಚು ವ್ಯಾಕರಣ ಕಲಿಸುತ್ತದೆ.

ಎಚ್ಚರಿಕೆಯೂ ಬೇಕು. ಈ ಕಥೆಗಳಲ್ಲಿ ಒಬ್ಬ ಹೋಗಿ ಒಂದು ಕಲ್ಲು ಸರಿಸಿದರೆ ಇತಿಹಾಸವೆಲ್ಲ ತಿರುಗಿಬಿಡುತ್ತದೆ. ಮಕ್ಕಳು ಅದನ್ನೇ ಇತಿಹಾಸದ ಸ್ವಭಾವವೆಂದು ನಂಬಿದರೆ ರೈತರು, ತೆರಿಗೆ, ಮಳೆ, ಬೆಲೆ ಎಲ್ಲ ಮರೆಯಾಗಿ ವೀರನೊಬ್ಬನೇ ಉಳಿಯುತ್ತಾನೆ. ಆದ್ದರಿಂದ ‘ಹೋಗಿ ಏನು ಬದಲಿಸುತ್ತೀರಿ’ ಎಂದು ಕೇಳಬಾರದು. ‘ಹೋದರೆ ಏನು ಕಾಣುತ್ತೀರಿ’ ಎಂದು ಕೇಳಬೇಕು. ಮೊದಲನೆಯದಕ್ಕೆ ಬಾಯಿಗೆ ಬಂದದ್ದು ಹೇಳಬಹುದು, ಎರಡನೆಯದಕ್ಕೆ ಆಧಾರ ಹುಡುಕಬೇಕು.

ಇಲವಾಲದ ಮಕ್ಕಳಿಗೆ ಇದಕ್ಕೆ ದೂರ ಹೋಗಬೇಕಿಲ್ಲ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇದೇ ಊರಲ್ಲಿ ವಿನೋಬಾ ಭಾವೆಯವರ ಗ್ರಾಮದಾನದ ಬಗ್ಗೆ ಸರ್ವಪಕ್ಷಗಳ ಸಮ್ಮೇಳನ ನಡೆಯಿತು, ಪ್ರಧಾನಿ ನೆಹರೂ ಬಂದಿದ್ದರು. ಆ ದಿನಕ್ಕೆ ನಮ್ಮನ್ನು ಇಳಿಸಿ ಎಂದುಕೊಳ್ಳೋಣ. ‘ಕರ್ನಾಟಕ’ ಎಂದು ರಾಜ್ಯದ ಹೆಸರು ಹೇಳಿದರೆ ಆಗ ಅದು ಅಧಿಕೃತವಲ್ಲ. ಮೈಸೂರು ರಾಜ್ಯ ಹೆಸರು ಬದಲಿಸಿದ್ದು 1973ರಲ್ಲಿ. ಅಂಗಡಿಗೆ ಹೋದರೆ ನಯೇ ಪೈಸೆ ಬಂದು ಇನ್ನೂ ಆರು ತಿಂಗಳಾಗಿಲ್ಲ, ಆಣೆಯೂ ನಡೆಯುತ್ತಿದೆ. ಅಕ್ಕಿ ಕಿಲೋದಲ್ಲಿ ಕೇಳಿದರೆ ಅಂಗಡಿಯವನು ಮುಖ ನೋಡಿಯಾನು. ಸಮ್ಮೇಳನವನ್ನು ಟಿ.ವಿ.ಯಲ್ಲಿ ನೋಡೋಣವೆಂದರೆ ದೂರದರ್ಶನ ದೆಹಲಿಯಲ್ಲೇ ಪ್ರಯೋಗಕ್ಕೆಂದು ಶುರುವಾಗುವುದು 1959ರಲ್ಲಿ. ಪ್ರಶಿಕ್ಷಣಾರ್ಥಿಯೊಬ್ಬರು ಈ ಚಟುವಟಿಕೆಯನ್ನು 40 ನಿಮಿಷದಲ್ಲಿ ನಡೆಸಿದಾಗ, ಮಕ್ಕಳು ಮನೆಯ ಹಿರಿಯರನ್ನು ಕೇಳಿಕೊಂಡು ಮರುದಿನ ಸೇರು, ಪಾವು, ಚಟಾಕು ಎಂದು ಬರೆದುಕೊಂಡು ಬಂದರು. ಒಬ್ಬಳ ಹಾಳೆಯಲ್ಲಿ ಬೆಲೆ ಆಣೆಯಲ್ಲಿ, ಅದರ ಕೆಳಗೆ ಪೈಸೆಗೆ ಪರಿವರ್ತನೆ. ನಾಲ್ಕಾಣೆಗೆ 25 ಸರಿ, ಒಂದಾಣೆಗೆ ಮಾತ್ರ ‘ಆರು ಕಾಲು, ಕಾಲು ಪೈಸೆ ಎಲ್ಲಿ ಹೋಯಿತು?’ ಎಂದು ಪ್ರಶ್ನೆ.

ವೀಕ್ಷಣಾ ನಮೂನೆಯ ಮುಂದಿನ ಪರಿಷ್ಕರಣೆಯಲ್ಲಿ ‘ವಿಷಯಾಂತರ’ ಎಂಬ ಸಾಲಿನ ಪಕ್ಕ ‘ವಿದ್ಯಾರ್ಥಿಯ ಪ್ರಶ್ನೆ ಏನಿತ್ತು, ಅದೇ ಮಾತಿನಲ್ಲಿ ಬರೆಯಿರಿ’ ಎಂದು ಖಾಲಿ ಜಾಗ ಬಿಡಬೇಕೆಂಬುದು ನನ್ನ ಸೂಚನೆ. ಎರಡು ಸಾಲು ಸಾಕು. ಇಲವಾಲದ ಆ ಹಾಳೆಗಳು ಸಮಾಜ ವಿಜ್ಞಾನ ವಿಭಾಗದ ಕಪಾಟಿನಲ್ಲಿವೆ. ಈ ಅವಧಿಯ ಅಭ್ಯಾಸ ಬೋಧನೆಗೆ ಹೊರಡುವವರು ತೆಗೆದು ನೋಡಬಹುದು.