ಗೆದ್ದವನಿಗೇ ನೆನಪಿಲ್ಲದ ಗೆಲುವು

2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ನಡೆದ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ತಂಡ ಆಸ್ಟ್ರೇಲಿಯಾವನ್ನು 20–17ರಿಂದ ಮಣಿಸಿತು. ಹೆಚ್ಚುವರಿ ಅವಧಿಯ ಕೊನೆಯ ಕ್ಷಣಗಳಲ್ಲಿ ಜಾನಿ ವಿಲ್ಕಿನ್ಸನ್ ಗಳಿಸಿದ ಗೆಲುವಿನ ಗೋಲನ್ನು ಆ ದೇಶದ ಕ್ರೀಡಾಪ್ರೇಮಿಗಳು ಇಂದಿಗೂ ಮೆಲುಕು ಹಾಕುತ್ತಾರೆ. ಆದರೆ ಅದೇ ತಂಡದಲ್ಲಿ ಹೂಕರ್ ಸ್ಥಾನದಲ್ಲಿ ಆಡಿದ್ದ ಸ್ಟೀವ್ ಥಾಂಪ್ಸನ್ ಅವರಿಗೆ ಆ ಗೆಲುವಿನ ನೆನಪೇ ಇಲ್ಲ.

ತಮಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಆವರಿಸಿದೆಯೆಂದು ಅವರು ಬಹಿರಂಗಪಡಿಸಿದ್ದು 2020ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ ಕೇವಲ 42 ವರ್ಷ. ಇಂಗ್ಲೆಂಡ್ ಪರ 73 ಪಂದ್ಯಗಳನ್ನಾಡಿದ ಈ ದೃಢಕಾಯರು ಸ್ಕ್ರಮ್‌ನ ಮುಂದಿನ ಸಾಲಿನ ನಡುವೆ ನಿಂತು ಎದುರಾಳಿಗಳ ಭಾರವನ್ನೆಲ್ಲ ತಡೆದವರು. ಕುತ್ತಿಗೆಯ ಗಾಯ ಅವರನ್ನು 2007ರಲ್ಲೊಮ್ಮೆ, 2011ರಲ್ಲಿ ಮತ್ತೊಮ್ಮೆ ನಿವೃತ್ತಿಗೆ ದೂಡಿತು. ಕಣ್ಣಿಗೆ ಕಾಣುವ ಗಾಯಕ್ಕೆ ಚಿಕಿತ್ಸೆ ದೊರೆಯಿತು. ತಲೆಗೆ ಬಿದ್ದ ಪೆಟ್ಟುಗಳನ್ನು ಲೆಕ್ಕವಿಟ್ಟವರು ಯಾರು? ಪಂದ್ಯಗಳಿಗಿಂತ ತಾಲೀಮಿನಲ್ಲಿ ಮತ್ತೆ ಮತ್ತೆ ನಡೆದ ಡಿಕ್ಕಿಗಳೇ ಹೆಚ್ಚು ಹಾನಿ ಮಾಡಿದವೆಂಬುದು ಥಾಂಪ್ಸನ್ ಅವರ ದೂರು. ಸಹ ಆಟಗಾರರೊಡನೆ ಅವರು ಕ್ರೀಡಾಡಳಿತ ಸಂಸ್ಥೆಗಳ ವಿರುದ್ಧ ಕಾನೂನು ಹೋರಾಟಕ್ಕೂ ಇಳಿದರು.

ಅಪಾಯ ತಿಳಿದೇ ಆಡಲು ಬಂದವರಲ್ಲವೇ ಎಂದು ಕೇಳುವವರಿದ್ದಾರೆ. ಮೂಳೆ ಮುರಿಯುವ ಅಪಾಯವನ್ನು ಆಟಗಾರ ಬಲ್ಲ. ನಲವತ್ತು ದಾಟುತ್ತಿದ್ದಂತೆ ಮನೆಯವರ ಹೆಸರೇ ಮರೆತುಹೋಗಬಹುದೆಂದು ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ನಾವೂ ಇದರಿಂದ ಹೊರತಲ್ಲ. ಥಾಂಪ್ಸನ್ ಅವರ ಸುದ್ದಿ ಹೊರಬೀಳುವ ಕೆಲವೇ ದಿನಗಳ ಮುಂಚೆ ಕ್ಯಾನ್‌ಬೆರಾದ ಟಿ20 ಪಂದ್ಯದಲ್ಲಿ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಚೆಂಡು ಬಡಿದಿತ್ತು. ಬದಲಿಯಾಗಿ ಬಂದ ಚಾಹಲ್ ಮೂರು ವಿಕೆಟ್ ಕಿತ್ತರು. ಬಳಿಕ ನಡೆದ ಚರ್ಚೆಯಲ್ಲಿ ಭಾರತಕ್ಕೆ ದೊರೆತ ಲಾಭದ ಮಾತಿತ್ತೇ ಹೊರತು ತಲೆಯ ಮಾತು ಅಪರೂಪವಾಗಿತ್ತು.

ಪೂರ್ಣ ಪ್ರಮಾಣದ ಡಿಕ್ಕಿಯ ತಾಲೀಮು ವಾರಕ್ಕೆ 15 ನಿಮಿಷ ಮೀರಬಾರದೆಂದು ವಿಶ್ವ ರಗ್ಬಿ ಸಂಸ್ಥೆ 2021ರಲ್ಲಿ ಸಲಹೆ ನೀಡಿತು. ಸಲಹೆ ಸಾಲದು, ಅದನ್ನು ಕಟ್ಟುನಿಟ್ಟಿನ ನಿಯಮವಾಗಿಸಬೇಕು. ಪದೇ ಪದೇ ಬೀಳುವ ಪೆಟ್ಟು ಮೆದುಳಿಗೆ ಮಾಡುವ ಹಾನಿಯನ್ನು ಖಚಿತಪಡಿಸಿಕೊಳ್ಳುವುದು ಮರಣಾನಂತರವಷ್ಟೇ ಸಾಧ್ಯ. ಅದಕ್ಕಾಗಿ ಥಾಂಪ್ಸನ್ ತಮ್ಮ ಮೆದುಳನ್ನು ಸಂಶೋಧನೆಗೆ ದಾನವಾಗಿ ಬರೆದುಕೊಟ್ಟಿದ್ದಾರೆ. ಅವರು ಮರೆತ ಗೆಲುವನ್ನು ನೆನೆದು ಹಿಗ್ಗುವವರಿಗೆ ಆ ಋಣದ ನೆನಪೂ ಇರಲಿ.