ಗುಂಡು ತಾನಾಗಿ ಹಾರುವುದಿಲ್ಲ



ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆಂದು ಪೊಲೀಸ್ ಠಾಣೆಯ ಮೇಜಿನ ಮುಂದೆ ನಿಂತವರು ನಮ್ಮಲ್ಲಿ ಬಹಳ ಜನ. 2023ರ ಡಿಸೆಂಬರ್ 8ರಂದು ಉತ್ತರ ಪ್ರದೇಶದ ಅಲಿಗಢದಲ್ಲಿ ಒಬ್ಬ ಮಹಿಳೆ ಹಾಗೆಯೇ ನಿಂತಿದ್ದರು. ಸಹೋದ್ಯೋಗಿ ತಂದುಕೊಟ್ಟ ಪಿಸ್ತೂಲನ್ನು ಸಬ್ ಇನ್‌ಸ್ಪೆಕ್ಟರ್ ಅಲ್ಲೇ, ಅವರೆದುರಿಗೇ, ಪರೀಕ್ಷಿಸಲು ಹೋದರು. ಗುಂಡು ಹಾರಿ ಆಕೆಯ ತಲೆಗೆ ತಗುಲಿತು. ಕೆಲವು ದಿನಗಳ ನಂತರ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಠಾಣೆಯ ಕ್ಯಾಮೆರಾದ ಆ ದೃಶ್ಯವನ್ನು ನಿಮ್ಮಲ್ಲೂ ಹಲವರು ನೋಡಿರಬೇಕು.

ಇಂಥದ್ದು ನಡೆದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಎರಡೇ ಪದ: ಒಂದು "ಆಕಸ್ಮಿಕ", ಇನ್ನೊಂದು "ಮಿಸ್‌ಫೈರ್". ನಟ ಗೋವಿಂದ ಅವರ ಕಾಲಿಗೆ 2024ರಲ್ಲಿ ಅವರದೇ ರಿವಾಲ್ವರ್‌ನ ಗುಂಡು ತಗುಲಿದಾಗಲೂ ಟಿವಿಯವರು ಹೇಳಿದ್ದು ಮಿಸ್‌ಫೈರ್ ಎಂದೇ. ನಿಜವಾಗಿ ಮಿಸ್‌ಫೈರ್ ಎಂದರೆ ಟ್ರಿಗರ್ ಒತ್ತಿದರೂ ಗುಂಡು ಹಾರದಿರುವುದು! ಇರಲಿ, ಪದದ ಜಗಳ ನನಗೆ ಮುಖ್ಯವಲ್ಲ. ಆಕಸ್ಮಿಕ ಎಂದು ಬರೆದ ಕೂಡಲೇ ವಿಚಾರಣೆ ಮುಗಿದುಹೋಗುತ್ತದೆ, ಅದು ಮುಖ್ಯ. ಸಿಡಿಲು ಬಡಿದ ಹಾಗೆ, ಯಾರದೂ ತಪ್ಪಿಲ್ಲ.

ನಾನಿರುವ ನೆದರ್ಲೆಂಡ್ಸ್‌ನಲ್ಲಿ ಇದಕ್ಕೆ "ಒಂಗೆವಿಲ್ಡ್ ಸ್ಖೋಟ್" ಅನ್ನುತ್ತಾರೆ. ಬಯಸದೆ ಹಾರಿದ ಗುಂಡು ಎಂದರ್ಥ. ಬಯಸಲಿಲ್ಲ ನಿಜ, ಆದರೆ ಹಾರಿಸಿದ ಕೈ ಒಂದಿದೆ ಎಂಬುದು ಆ ಮಾತಿನಲ್ಲೇ ಉಳಿಯುತ್ತದೆ.

ಇಲ್ಲಿ ಗಸ್ತಿನ ಪೊಲೀಸರೆಲ್ಲರ ಸೊಂಟದಲ್ಲೂ ಪಿಸ್ತೂಲಿದೆ. ಅದನ್ನು ಇಟ್ಟುಕೊಳ್ಳುವ ಹಕ್ಕನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಗಳಿಸಬೇಕು. ವರ್ಷಕ್ಕೆ ಕನಿಷ್ಠ 32 ಗಂಟೆ ತರಬೇತಿ, ಎರಡು ಬಾರಿ ಗುಂಡು ಹಾರಿಸುವ ಪರೀಕ್ಷೆ, ಬಲಪ್ರಯೋಗದ ಕಾನೂನಿನ ಪರೀಕ್ಷೆ ಬೇರೆ. ಫೇಲಾದರೆ ಪಿಸ್ತೂಲು ಹೊರುವಂತಿಲ್ಲ. ಒರೆಯಿಂದ ಪಿಸ್ತೂಲು ತೆಗೆಯುವುದಕ್ಕೂ ನಿಯಮವುಂಟು: ಅದನ್ನು ಬಳಸಬೇಕಾದ ಸಂದರ್ಭ ಬರಬಹುದೆಂದು ನಂಬಲು ಕಾರಣವಿರಬೇಕು, ಆ ಕಾರಣ ಹೋದ ಕೂಡಲೇ ಒಳಗಿಡಬೇಕು. ಪೊಲೀಸರ ಗುಂಡಿನಿಂದ ಯಾರಾದರೂ ಗಾಯಗೊಂಡರೆ ಅಥವಾ ಸತ್ತರೆ ತನಿಖೆಗೆ ಬರುವುದು ಅದೇ ಠಾಣೆಯವರಲ್ಲ, ರಾಯ್ಕ್ಸ್‌ರೆಶೆರ್ಶೆ ಎಂಬ ಪ್ರತ್ಯೇಕ ಸಂಸ್ಥೆ.

ಹಾಗೆಂದು ಇಲ್ಲಿ ಎಲ್ಲವೂ ಚಿನ್ನ ಎಂದುಕೊಳ್ಳಬೇಡಿ. 2016ರ ಮಾರ್ಚ್‌ನಲ್ಲಿ ಓಸೆನ್‌ಡ್ರೆಖ್ಟ್‌ನ ಪೊಲೀಸ್ ತರಬೇತಿ ಕೇಂದ್ರದಲ್ಲಿ ನಿಜವಾದ ಗುಂಡು ಬಳಸಿ ನಡೆಸುತ್ತಿದ್ದ ಅಭ್ಯಾಸದಲ್ಲಿ ಸೇನೆಯ ಕಮಾಂಡೋ ತರಬೇತುದಾರರೊಬ್ಬರು ಸತ್ತರು. ತನಿಖೆ ಮಾಡಿದ ದೇಶದ ಸುರಕ್ಷತಾ ಮಂಡಳಿ 2017ರಲ್ಲಿ ವರದಿ ಕೊಟ್ಟಿತು. ಗುಂಡು ಹಾರಿಸಿದವನೊಬ್ಬನ ಕೊರಳಿಗೆ ಎಲ್ಲವನ್ನೂ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಆ ಕಟ್ಟಡವೇ ಅಂಥ ಅಭ್ಯಾಸಕ್ಕೆ ತಕ್ಕುದಾಗಿರಲಿಲ್ಲ, ಅಂಥಲ್ಲಿ ಅಭ್ಯಾಸ ನಡೆಯಲು ಬಿಟ್ಟದ್ದು ರಕ್ಷಣಾ ಇಲಾಖೆ ಎಂದು ನೇರವಾಗಿ ಹೇಳಿತು. ಆ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ನನಗೆ ಹೊಟ್ಟೆಕಿಚ್ಚಾಗುವುದು ಇದನ್ನು ಕಂಡು, ಅವರ ಪಿಸ್ತೂಲುಗಳನ್ನು ಕಂಡಲ್ಲ.

ಬೆರಳಿನ ವಿಷಯವನ್ನೂ ಹೇಳಬೇಕು. ಮನುಷ್ಯ ಎಡವಿದಾಗ, ಬೆಚ್ಚಿದಾಗ, ಇನ್ನೊಂದು ಕೈಯಲ್ಲಿ ಯಾರನ್ನೋ ಬಿಗಿಯಾಗಿ ಹಿಡಿದಾಗ ಈ ಕೈಯ ಬೆರಳುಗಳೂ ತಾವಾಗಿ ಮುದುಡುತ್ತವೆ. ಟ್ರಿಗರ್ ಒಳಗೆ ಬೆರಳಿದ್ದರೆ ಮುಗಿಯಿತು. ಕಾಯುವ ಹೊತ್ತಿನಲ್ಲಿ ಬೆರಳು ಹೊರಗೇ ಇರಬೇಕು ಎಂಬುದು ಎಲ್ಲ ಪೊಲೀಸರಿಗೂ ಗೊತ್ತಿರುವ ಪಾಠ. ಆದರೂ ಜರ್ಮನಿಯಲ್ಲಿ ಸಂಶೋಧಕರು ಪೊಲೀಸರ ಮೇಲೆ ಪ್ರಯೋಗ ನಡೆಸಿದಾಗ ಕೆಲವರ ಬೆರಳು ಅವರಿಗೇ ಅರಿವಿಲ್ಲದೆ ಟ್ರಿಗರ್ ಮುಟ್ಟಿತ್ತು. ಪಾಠ ಗೊತ್ತಿರುವುದು ತಲೆಗೆ, ಬೆರಳಿಗಲ್ಲ! ಬೆರಳಿಗೆ ಕಲಿಸಲು ಬೇಕಾದದ್ದು ಅಭ್ಯಾಸ, ಅಭ್ಯಾಸಕ್ಕೆ ಬೇಕಾದದ್ದು ಗುಂಡು, ಸಮಯ, ದುಡ್ಡು. ಲಾಸ್ ಏಂಜಲೀಸ್ ಶೆರಿಫ್ ಇಲಾಖೆ ಹೊಸ ಮಾದರಿಯ ಪಿಸ್ತೂಲಿಗೆ ಬದಲಾದಾಗ ಬಯಸದೆ ಹಾರಿದ ಗುಂಡುಗಳು 2012ರಲ್ಲಿ 12 ಇದ್ದದ್ದು 2014ರಲ್ಲಿ 30ಕ್ಕೆ ಏರಿದವು. ಪಿಸ್ತೂಲು ಹೊಸದು, ಬೆರಳಿನ ರೂಢಿ ಹಳೆಯದು. ಅವರು ಎಣಿಸಿದ್ದರಿಂದ ಇದು ಗೊತ್ತಾಯಿತು.

ನಮ್ಮ ನಾಡಿಗೆ ಬರೋಣ. ಆಯುಧಪೂಜೆಯ ದಿನ ಕರ್ನಾಟಕದ ಠಾಣೆಗಳಲ್ಲಿ ಬಂದೂಕುಗಳನ್ನು ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಚೆಂದದ ಪದ್ಧತಿ, ಬೇಡ ಅನ್ನುವವನು ನಾನಲ್ಲ. ಆದರೆ ಆ ಪೂಜೆಯಲ್ಲಿ ಕೈಮುಗಿದು ನಿಂತ ಕಾನ್ಸ್‌ಟೇಬಲ್ ಹಿಂದಿನ ಒಂದು ವರ್ಷದಲ್ಲಿ ಎಷ್ಟು ಸಲ ಆ ಬಂದೂಕಿನಿಂದ ಗುರಿ ಅಭ್ಯಾಸ ಮಾಡಿದ? ಬಂದೋಬಸ್ತ್, ರ‍್ಯಾಲಿ, ಚುನಾವಣೆ, ವಿಐಪಿ ಡ್ಯೂಟಿಗಳ ನಡುವೆ ಅವನನ್ನು ಅಭ್ಯಾಸಕ್ಕೆ ಬಿಡುವವರು ಯಾರು? ಗುಂಡು ಹಾರಿದ ದಿನ ಅಮಾನತಾಗುವವನು ಮಾತ್ರ ಅವನೇ. ತರಬೇತಿ ಕೊಡದ ಇಲಾಖೆ ಅಮಾನತಾದದ್ದನ್ನು ನೀವು ಕೇಳಿದ್ದೀರಾ? ಕೊಡಗಿನ ಮನೆಗಳಲ್ಲಿ ಕೋವಿಯ ಬಾಯಿ ಯಾರ ಕಡೆಗೂ ತಿರುಗಬಾರದೆಂದು ಹುಡುಗರಿಗೆ ಚಿಕ್ಕಂದಿನಲ್ಲೇ ಹೇಳಿಕೊಡುತ್ತಾರೆ. ಸರ್ಕಾರಿ ಸಂಬಳದ ಪೊಲೀಸನಿಗೆ ಅಷ್ಟಾದರೂ ದಕ್ಕಬೇಡವೇ?

ಇಲ್ಲಿ ಕೂತು ನಾವು ಮಾಡಬಹುದಾದ ಒಂದು ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಭಾರತದ ಪೌರರು ಎಲ್ಲಿಂದ ಬೇಕಾದರೂ ಅರ್ಜಿ ಹಾಕಬಹುದು. ಓಸಿಐ ಕಾರ್ಡಿನವರಿಗೆ ಆ ಹಕ್ಕಿಲ್ಲ, ಅವರು ಊರಿನಲ್ಲಿರುವ ತಮ್ಮನಿಂದಲೋ ಅತ್ತಿಗೆಯಿಂದಲೋ ಹಾಕಿಸಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಪೀಠಿಕೆ ಬೇಡ. ನಿಮ್ಮ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಬರೆಯಿರಿ. ಕಳೆದ ಮೂರು ವರ್ಷಗಳಲ್ಲಿ ಗುಂಡು ಹಾರಿಸುವ ವಾರ್ಷಿಕ ಅಭ್ಯಾಸ ಮಾಡಿದ ಸಿಬ್ಬಂದಿ ಎಷ್ಟು, ಮಾಡದವರು ಎಷ್ಟು, ತಲಾ ಎಷ್ಟು ಗುಂಡು ಕೊಡಲಾಯಿತು, ಬಯಸದೆ ಗುಂಡು ಹಾರಿದ ಪ್ರಕರಣಗಳು ಎಷ್ಟು ಎಂದು ಕೇಳಿ. ಮೈಸೂರು, ಧಾರವಾಡ, ಮಂಗಳೂರು ಕಡೆಯವರು ಮೊದಲು ಶುರುಮಾಡಿದರೆ ಚೆನ್ನ. ಆ ಊರುಗಳಲ್ಲಿ ಕಮಿಷನರೇಟ್ ಬೇರೆ ಇದೆ, ನಗರದವರು ಅಲ್ಲಿಗೇ ಬರೆಯಬೇಕು. ಬಂದ ಉತ್ತರದ ಪ್ರತಿಯನ್ನು ನನಗೂ ಕಳಿಸಿ. "ಮಾಹಿತಿ ಲಭ್ಯವಿಲ್ಲ" ಎಂದು ಬಂದರೆ ಅದನ್ನೂ ಕಳಿಸಿ.