ಎರಡನೆಯ ಸ್ಕ್ಯಾನ್ ಯಾರ ಹೊಣೆ?

ಕೆಮ್ಮಿಗೋ, ಅಪಘಾತದ ಪೆಟ್ಟಿಗೋ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಏಳೆಂಟು ಮಿಲಿಮೀಟರ್‌ನ ಗಂಟೊಂದು ಆಕಸ್ಮಿಕವಾಗಿ ಗೋಚರಿಸುವುದುಂಟು. ವರದಿಯ ಕೊನೆಗೆ ‘ಆರು ತಿಂಗಳ ನಂತರ ಮರುಪರೀಕ್ಷೆ’ ಎಂಬ ಸಾಲಿರುತ್ತದೆ. ಆ ಸಾಲನ್ನು ನೆನಪಿಡುವ ಹೊಣೆ ಯಾರದು?

ಇಂಥ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ. ನಮ್ಮಲ್ಲಿ ಹಳೆಯ ಕ್ಷಯದ ಕಲೆಯೂ ಹಾಗೆಯೇ ಕಾಣಬಹುದು. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಮಂದಿ ಹಾಲಿ ಮತ್ತು ಮಾಜಿ ಧೂಮಪಾನಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನ್ ಶಂಕಿಸಿದ್ದರಲ್ಲಿ ಶೇ 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಆದರೂ ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಸ್ಕ್ಯಾನ್ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ ಸಾವುಗಳು ಶೇ 20ರಷ್ಟು ಇಳಿದವು. ಅಂದರೆ, ಗಾಬರಿಯಿಂದ ಸೂಜಿ ಚುಚ್ಚಿಸುವುದೂ ಸಲ್ಲದು, ಮರೆತು ಕೂರುವುದೂ ಸಲ್ಲದು.

ಈ ನಡುವಿನ ದಾರಿಯೇ ನಿಗಾ. ಫ್ಲೈಶ್‌ನರ್ ಸೊಸೈಟಿಯ 2017ರ ಮಾರ್ಗಸೂಚಿಯಂತೆ, ಅಪಾಯದ ಹಿನ್ನೆಲೆಯಿಲ್ಲದ ವಯಸ್ಕರಲ್ಲಿ 6 ಮಿ.ಮೀ.ಗಿಂತ ಚಿಕ್ಕ ಘನ ಗಂಟಿಗೆ ಮರುಪರೀಕ್ಷೆ ಬೇಕಿಲ್ಲ. 6ರಿಂದ 8 ಮಿ.ಮೀ. ಇದ್ದರೆ ಆರರಿಂದ ಹನ್ನೆರಡು ತಿಂಗಳಲ್ಲಿ ಮತ್ತೊಂದು ಸ್ಕ್ಯಾನ್. ನಿಧಾನವಾಗಿ ಬೆಳೆಯುವ ಮಸುಕು ಗಂಟುಗಳನ್ನು ಐದು ವರ್ಷ ಗಮನಿಸಬೇಕು. 8 ಮಿ.ಮೀ. ಗಂಟು 10 ಮಿ.ಮೀ. ಆದರೆ ಅದರ ಘನಗಾತ್ರ ಸುಮಾರು ಇಮ್ಮಡಿಯಾದಂತೆ. ಹಳೆಯ ಸ್ಕ್ಯಾನ್‌ನ ಸಿ.ಡಿ. ಕೈಯಲ್ಲಿಲ್ಲದಿದ್ದರೆ ಈ ಬೆಳವಣಿಗೆಯನ್ನು ಅಳೆಯುವುದೆಂತು?

ಕೋಲಾರ ಜಿಲ್ಲೆಗೆ ಇದು ದೂರದ ಮಾತಲ್ಲ. ಚಿನ್ನದ ಗಣಿಯ ದೂಳು ಇಲ್ಲಿನ ಎಷ್ಟೋ ಎದೆಗಳನ್ನು ಹಾಳುಮಾಡಿತು. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ರೂಪಿಸಿತ್ತು. ಗಣಿ 2001ರಲ್ಲಿ ಮುಚ್ಚಿತು. ಕಲ್ಲುಕ್ವಾರಿ, ಜಲ್ಲಿ ಕ್ರಷರ್‌ಗಳ ದೂಳು ನಿಂತಿಲ್ಲ. ಸಿಲಿಕಾ ದೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಸಾರಿದೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಕೂಲಿಕಾರನಿಗೆ ಮರುಪರೀಕ್ಷೆಯೆಂದರೆ ಬಸ್ಸಿನ ಖರ್ಚಿನ ಜೊತೆಗೆ ಒಂದು ದಿನದ ಕೂಲಿಯ ನಷ್ಟ. ನೋವಿಲ್ಲದ ಗಂಟಿಗಾಗಿ ಅವನು ಆ ನಷ್ಟ ಭರಿಸುವನೆಂದು ನಿರೀಕ್ಷಿಸುವುದು ಅರ್ಥಶಾಸ್ತ್ರವಲ್ಲ.

ಎಲ್ಲರಿಗೂ ಸ್ಕ್ಯಾನ್ ಮಾಡಿಸಬೇಕೆಂಬುದು ನನ್ನ ವಾದವಲ್ಲ. ಈಗಾಗಲೇ ಪತ್ತೆಯಾದ ಗಂಟುಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲೊಂದು ದಾಖಲೆ ಪುಸ್ತಕವಿರಲಿ: ಹೆಸರು, ದೂರವಾಣಿ, ಉದ್ಯೋಗ, ಗಂಟಿನ ಅಳತೆ, ಮುಂದಿನ ದಿನಾಂಕ. ಖಾಸಗಿ ಸ್ಕ್ಯಾನ್ ಕೇಂದ್ರಗಳೂ, ರೋಗಿಯ ಒಪ್ಪಿಗೆ ಪಡೆದು, ಅದಕ್ಕೆ ಮಾಹಿತಿ ಕೊಡಲಿ. ದಿನಾಂಕ ಸಮೀಪಿಸಿದಾಗ ತಾಲ್ಲೂಕು ಆಸ್ಪತ್ರೆಯವರು ಕರೆ ಮಾಡಲಿ. ಬಡವರಿಗೆ ಸ್ಕ್ಯಾನ್ ಮತ್ತು ಪ್ರಯಾಣದ ವೆಚ್ಚವನ್ನು ಸರ್ಕಾರ ಭರಿಸಲಿ. ಪ್ರತಿ ಗುಂಟೆ ಜಮೀನಿಗೂ ಪಹಣಿ ಇಟ್ಟಿರುವ ಆಡಳಿತಕ್ಕೆ ಇದು ಅಸಾಧ್ಯವಾದ ಕೆಲಸವೇನಲ್ಲ.